ಕ್ಯಾಂಪಸ್ ಟೂರ್: ಸ್ಟೂಡೆಂಟ್ ಗೈಡ್‌ಗೆ ಏನು ಕೇಳಬೇಕು?

ಪ್ರಶ್ನೆ
ಮಗಳು 11ನೇ ಗ್ರೇಡ್, ಸಿಎಸ್ (ಕಂಪ್ಯೂಟರ್ ಸೈನ್ಸ್) ಓದುವ ಆಸೆ, ಸಸ್ಯಾಹಾರಿ. ಏಪ್ರಿಲ್ ರಜೆಯಲ್ಲಿ ಬಾಸ್ಟನ್ ಸುತ್ತಮುತ್ತಲ ಕಾಲೇಜುಗಳನ್ನು ನೋಡಲು ಹೊರಟಿದ್ದೇವೆ. ಗೈಡ್‌ಗಳು ಬರೀ ಹೊಗಳ್ತಾರಂತೆ. ನಿಜ ಹೊರಬರುವ ಹಾಗೆ ಕೇಳೋದು ಹೇಗೆ?

ಉತ್ತರ 1
ಗೈಡ್‌ಗಳಿಗೆ ತರಬೇತಿ ಕೊಡೋದೇ ಅಡ್ಮಿಷನ್ಸ್ ಆಫೀಸ್. ಅಭಿಪ್ರಾಯ ಕೇಳಿದರೆ ಕಂಠಪಾಠ ಒಪ್ಪಿಸ್ತಾರೆ, ನಡೆದದ್ದನ್ನು ಕೇಳಿ. "ಪ್ರೊಫೆಸರ್‌ಗಳು ಸಿಗ್ತಾರಾ?" ಅಂದರೆ "ಖಂಡಿತ!" ಅಂತಾರೆ, ಮುಗೀತು. ಅದರ ಬದಲು: ಈ ಸೆಮಿಸ್ಟರ್‌ನಲ್ಲಿ ನಿಮ್ಮ ಅತಿ ದೊಡ್ಡ ಕ್ಲಾಸಲ್ಲಿ ಎಷ್ಟು ಜನ? ಹೋಮ್‌ವರ್ಕ್ ತಿದ್ದಿದ್ದು ಪ್ರೊಫೆಸರೋ ಟಿಎನೋ (ಪಾಠಕ್ಕೆ ನೆರವಾಗೋ ಹಿರಿಯ ವಿದ್ಯಾರ್ಥಿ)? ರಿಜಿಸ್ಟ್ರೇಷನ್‌ನಲ್ಲಿ ಬೇಕಿದ್ದ ಯಾವ ಕೋರ್ಸ್ ಕೈತಪ್ಪಿತು?

ಮೊದಲು ಗೈಡ್‌ನ ಮೇಜರ್ (ಮುಖ್ಯ ವಿಷಯ) ಯಾವುದು ಅಂತ ತಿಳ್ಕೊಳ್ಳಿ. ಹಿಸ್ಟರಿ ಓದೋರ ಹತ್ತಿರ ಸಿಎಸ್ ಲ್ಯಾಬ್ ವಿಚಾರ ಕೇಳಿ ಉಪಯೋಗವಿಲ್ಲ. ಅವರ ಹತ್ತಿರ ಡಾರ್ಮ್ (ಹಾಸ್ಟೆಲ್), ಊಟ, ವೀಕೆಂಡ್ ಕೇಳಿ.

ಉತ್ತರ 2
ಸೀಟು ಸಿಗುತ್ತಾ, ಏಡ್ (ಫೀಸಿಗೆ ಸಿಗೋ ಹಣದ ನೆರವು) ಎಷ್ಟು ಬರುತ್ತೆ ಅನ್ನೋದು ಗೈಡ್‌ಗೆ ಕೇಳೋ ಪ್ರಶ್ನೆ ಅಲ್ಲ. ಖರ್ಚಿನ ಅಂದಾಜಿಗೆ ಕಾಲೇಜಿನ ವೆಬ್‌ಸೈಟಲ್ಲೇ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ (ನೆರವು ಕಳೆದು ನಿಮಗೆ ಬೀಳೋ ಖರ್ಚಿನ ಲೆಕ್ಕ) ಇರುತ್ತೆ. ಕ್ಲಾಸ್ ಗಾತ್ರದ ಲೆಕ್ಕ, ಕಾಲೇಜುಗಳು ತಮ್ಮ ಅಂಕಿಅಂಶ ಪ್ರಕಟಿಸೋ ಕಾಮನ್ ಡೇಟಾ ಸೆಟ್‌ನ 'ಐ' ವಿಭಾಗದಲ್ಲಿದೆ. ಅದೇ ಡೇಟಾ ಸೆಟ್‌ನ ಸಿ7 ಭಾಗವನ್ನೂ ನೋಡಿ: ಅರ್ಜಿದಾರರ ಆಸಕ್ತಿಯನ್ನು ಪರಿಗಣಿಸ್ತೀವಿ ಅಂತ ಇದ್ದರೆ, ಬಂದದ್ದು ದಾಖಲಾಗೋ ಹಾಗೆ ಟೂರ್ ಚೆಕ್-ಇನ್ ಮಗಳ ಹೆಸರಲ್ಲೇ ಆಗಲಿ. ಎಷ್ಟೋ ಕಡೆ ಅಪ್ಪನ ಇಮೇಲ್ ಕೊಟ್ಟು ಬಂದುಬಿಡ್ತಾರೆ.

ಸಿಎಸ್ ಬಗ್ಗೆ ಮುಖ್ಯವಾದ್ದು ಒಂದೇ: ಬೇರೆ ಮೇಜರ್‌ಗೆ ಸೇರಿ ಆಮೇಲೆ ಸಿಎಸ್‌ಗೆ ಬದಲಾಯಿಸಬಹುದಾ? ನಿಯಮವನ್ನು ಡಿಪಾರ್ಟ್‌ಮೆಂಟಲ್ಲಿ ಕೇಳಿ. ಗೈಡ್‌ಗೆ, "ಹಾಗೆ ಬದಲಾಯಿಸಿದ ಗೆಳೆಯರು ಇದ್ದಾರಾ? ಪ್ರಯತ್ನಿಸಿ ಆಗದೆ ಉಳಿದವರು?" ಅನ್ನಿ. ಎರಡನೇದಕ್ಕೆ ಬರೋ ಉತ್ತರವೇ ಹೆಚ್ಚು ಕೆಲಸಕ್ಕೆ ಬರೋದು.

ಉತ್ತರ 3
ಟೂರ್ ಸ್ಲಾಟ್ ಈಗಲೇ ಬುಕ್ ಮಾಡಿ. ಮೇ 1ರೊಳಗೆ ಕಾಲೇಜು ಆರಿಸಬೇಕಾದ 12ನೇ ಗ್ರೇಡ್ ಸೀನಿಯರ್‌ಗಳೂ ಏಪ್ರಿಲ್‌ನಲ್ಲೇ ಮುಗಿಬೀಳ್ತಾರೆ.

ಊಟ: "ವೆಜ್ ಸಿಗುತ್ತಾ?" ಬೇಡ, ಎಲ್ಲ ಕಡೆ ಸಿಗುತ್ತೆ. "ನಿನ್ನೆ ರಾತ್ರಿ ಡೈನಿಂಗ್ ಹಾಲಲ್ಲಿ ಮಾಂಸ ಇಲ್ಲದ ಬಿಸಿ ಅಡುಗೆ ಏನಿತ್ತು?" ಅಂತ ಕೇಳಲಿ. ಸಲಾಡ್, ಪಾಸ್ತಾ ಅಂತ ತಡವರಿಸಿದರೆ ವರ್ಷಪೂರ್ತಿ ಅದೇ ಅಂದ್ಕೊಳ್ಳಿ. ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಡೈನಿಂಗ್ ಹಾಲ್ ಮುಚ್ಚುತ್ತಾ, ಡಾರ್ಮಲ್ಲಿ ಒಲೆ ಇರೋ ಅಡುಗೆಮನೆ ಇದೆಯಾ, ಅದನ್ನೂ ಕೇಳಿ.

ತೋರಿಸೋ ರೂಮು ಸಾಮಾನ್ಯವಾಗಿ ಚೆನ್ನಾಗಿರೋದೇ. ಫಸ್ಟ್ ಇಯರ್‌ನವರು ಹೆಚ್ಚಾಗಿ ಇರೋ ಕಟ್ಟಡ ಯಾವುದು, ಎರಡನೇ ವರ್ಷಕ್ಕೂ ಹಾಸ್ಟೆಲ್ ಗ್ಯಾರಂಟಿನಾ ಅಂತ ಕೇಳಿ. ಇಲ್ಲ ಅಂದರೆ ಹೊರಗಿನ ಮನೆಗೆ ಲೀಸ್ ಯಾವ ತಿಂಗಳಲ್ಲಿ ಸಹಿ ಮಾಡ್ತಾರೆ ಅಂತಲೂ. ಬಾಸ್ಟನ್‌ನಲ್ಲಿ ಬಹುಪಾಲು ಲೀಸ್‌ಗಳು ಸೆಪ್ಟೆಂಬರ್ 1ಕ್ಕೆ ಶುರುವಾಗೋದರಿಂದ ಹುಡುಕಾಟ ತಿಂಗಳುಗಟ್ಟಲೆ ಮುಂಚೆಯೇ ನಡೆಯುತ್ತೆ.

ಇನ್ನೊಂದು, ಗುಂಪಿನ ಮುಂದೆ ಇಂಥವನ್ನು ಕೇಳಿದರೆ ಗೈಡ್ ಬಿಗಿಯಾಗ್ತಾರೆ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ನಡೆಯುವಾಗ ಮಗಳು ಪಕ್ಕಕ್ಕೆ ಹೋಗಿ ಮಾತಾಡಲಿ, ನೀವು ಹಿಂದೆ ಉಳೀರಿ.