ಎಫ್‌ಪಿಜಿಎ ಆನ್‌ಲೈನ್‌ನಲ್ಲಿ ಕಲಿತವರು ದಯವಿಟ್ಟು ನಿಮ್ಮ ಅನುಭವ ಹೇಳಿ

ಹಾಸನದಿಂದ, ಪ್ರಶ್ನೆ:
ನಮಸ್ಕಾರ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಎರಡು ವರ್ಷ ಆಯಿತು, ಕೆಲಸದಲ್ಲಿದ್ದೇನೆ. ಆರ್ಡುಯಿನೊ ಬೋರ್ಡ್ ಪ್ರೋಗ್ರಾಂ ಮಾಡುವುದು ಚೆನ್ನಾಗಿ ಗೊತ್ತು. ಈಗ ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ಬೇಕಾದ ಹಾಗೆ ಕಟ್ಟಿಕೊಳ್ಳಬಹುದಾದ ಚಿಪ್) ಕಲಿಯುವ ಆಸೆ. ಕೆಲಸ ಬಿಟ್ಟು ಬೆಂಗಳೂರಿನಲ್ಲಿ ಕೋಚಿಂಗ್ ಸೇರಲು ಆಗುವುದಿಲ್ಲ. ರಾತ್ರಿ ಒಂದೂವರೆ ಗಂಟೆ ಸಿಗುತ್ತದೆ. ಒಂದು ಆನ್‌ಲೈನ್ ಕೋರ್ಸ್ ಶುರು ಮಾಡಿದೆ, ಮೂರನೇ ವಾರದಿಂದ ಏನೂ ತಲೆಗೆ ಹೋಗುತ್ತಿಲ್ಲ. ಎಫ್‌ಪಿಜಿಎ ಬೋರ್ಡ್ ಈಗಲೇ ತಗೋಬೇಕಾ? 8 ಜಿಬಿ ಲ್ಯಾಪ್‌ಟಾಪ್ ಸಾಕಾ? ಸರ್ಕ್ಯೂಟನ್ನು ಕೋಡ್‌ನಲ್ಲಿ ಬರೆಯುವ ಭಾಷೆಗಳಲ್ಲಿ ವೆರಿಲಾಗ್ ಕಲಿಯಲಾ, ವಿಎಚ್‌ಡಿಎಲ್ ಕಲಿಯಲಾ?

ಬೆಂಗಳೂರಿನಿಂದ:
ತಂಗಿ, ನಾನೂ ಮೂರನೇ ವಾರದಲ್ಲೇ ನಿಂತಿದ್ದೆ. ನಾನು ಕಲಿತದ್ದು ಐಐಟಿ, ಐಐಎಸ್‌ಸಿಗಳ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟಿಇಎಲ್‌ನಲ್ಲಿ, ಐಐಟಿ ಖರಗ್‌ಪುರದ ಇಂದ್ರನೀಲ್ ಸೇನ್‌ಗುಪ್ತ ಅವರ ವೆರಿಲಾಗ್ ಕೋರ್ಸ್. ಎಂಟು ವಾರದ್ದು. ಪಾಠ ನೋಡಲು ದುಡ್ಡಿಲ್ಲ, ಸರ್ಟಿಫಿಕೇಟ್ ಬೇಕಾದರೆ ಮಾತ್ರ ಪರೀಕ್ಷೆಗೆ ಶುಲ್ಕ. ಎಂಟು ವಾರದ ಕೋರ್ಸ್ ಮುಗಿಸಲು ನನಗೆ ಐದು ತಿಂಗಳು ಹಿಡಿಯಿತು. ಆದ್ದರಿಂದ ವಾರದ ಲೆಕ್ಕ ಬಿಡಿ.

ನನ್ನದು ಸಿ ಬರೆದು ಪಳಗಿದ ಕೈ. ಸಾಲುಗಳು ಮೇಲಿನಿಂದ ಕೆಳಗೆ ಒಂದಾದ ಮೇಲೆ ಒಂದು ನಡೆಯುತ್ತವೆ ಅಂತಲೇ ಓದುತ್ತಿದ್ದೆ. ಎಡವಿದ್ದು ಅಲ್ಲೇ. ವೆರಿಲಾಗ್‌ನಲ್ಲಿ ಹತ್ತು ಆಲ್ವೇಸ್ ಬ್ಲಾಕ್ (ಆಲ್ವೇಸ್ ಅಂತ ಶುರುವಾಗುವ ಕೋಡ್ ತುಂಡು) ಬರೆದರೆ ಅವು ಹತ್ತು ಸರ್ಕ್ಯೂಟ್, ಎಲ್ಲವೂ ಒಟ್ಟಿಗೆ ಕೆಲಸ ಮಾಡುತ್ತಿರುತ್ತವೆ. ಫಾರ್ ಲೂಪ್ ಎಂಟು ಸಲ ಅಂತ ಬರೆದರೆ ಅದೇ ಹಾರ್ಡ್‌ವೇರ್ ಚಿಪ್‌ನೊಳಗೆ ಎಂಟು ಸಲ ಬಂದು ಕೂರುತ್ತದೆ. ಆರ್ಡುಯಿನೊದಲ್ಲಿ ಕಾಯಿಸಲು ಬಳಸುವ ಡಿಲೇ ಇಲ್ಲಿ ಸಿಗುವುದಿಲ್ಲ. ವೆರಿಲಾಗ್‌ನಲ್ಲೂ ಡಿಲೇ ಇದೆ, ಆದರೆ ಅದು ಸಿಮ್ಯುಲೇಶನ್‌ಗೆ, ಅಂದರೆ ಕಂಪ್ಯೂಟರ್‌ನಲ್ಲೇ ಓಡಿಸಿ ನೋಡುವುದಕ್ಕೆ ಮಾತ್ರ. ಚಿಪ್‌ನಲ್ಲಿ ಕಾಯಬೇಕಾದರೆ ಕ್ಲಾಕ್ (ಸರ್ಕ್ಯೂಟಿಗೆ ತಾಳ ಹಾಕುವ ಸಿಗ್ನಲ್) ಎಣಿಸುವ ಕೌಂಟರ್ ನೀವೇ ಕಟ್ಟಬೇಕು.

ಹಾಗಾಗಿ ಒಂದು ಅಭ್ಯಾಸ ಮಾಡಿಕೊಂಡೆ. ಕೋಡ್‌ಗೆ ಮೊದಲು ನೋಟ್‌ಬುಕ್‌ನಲ್ಲಿ ಪೆನ್ಸಿಲ್ ಹಿಡಿದು ಸರ್ಕ್ಯೂಟ್ ಬರೆಯುವುದು. ಒಂದು ಬಿಟ್ ಹಿಡಿದಿಡುವ ಫ್ಲಿಪ್‌ಫ್ಲಾಪ್ ಎಷ್ಟು, ಹಲವು ಇನ್‌ಪುಟ್‌ನಲ್ಲಿ ಒಂದನ್ನು ಆರಿಸುವ ಮಕ್ಸ್ ಎಲ್ಲಿ, ಕೂಡಿಸುವ ಆಡರ್ ಎಲ್ಲಿ. ಚಿತ್ರ ಬರೆಯಲು ಬರದಿದ್ದರೆ ಅವತ್ತು ಕೋಡ್ ಮುಟ್ಟುತ್ತಿರಲಿಲ್ಲ. ಬ್ಲಾಕಿಂಗ್ (ಬೆಲೆ ಆ ಸಾಲಿನಲ್ಲೇ ಬದಲಾಗುತ್ತದೆ), ನಾನ್‌ಬ್ಲಾಕಿಂಗ್ (ಎಲ್ಲ ಬೆಲೆ ಕೊನೆಗೆ ಒಟ್ಟಿಗೆ ಬದಲಾಗುತ್ತವೆ) ವ್ಯತ್ಯಾಸ ನನಗೆ ಅರ್ಥವಾದದ್ದೂ ಹೀಗೇ. ಮೂರು ಫ್ಲಿಪ್‌ಫ್ಲಾಪ್‌ನ ಶಿಫ್ಟ್ ರಿಜಿಸ್ಟರ್ ಬರೆದಿದ್ದೆ, ಅದರಲ್ಲಿ ಪ್ರತಿ ಕ್ಲಾಕ್‌ಗೂ ಬಿಟ್ ಒಂದೊಂದೇ ಹೆಜ್ಜೆ ಮುಂದೆ ಸಾಗಬೇಕು. ಬ್ಲಾಕಿಂಗ್ ಬಳಸಿದ್ದಕ್ಕೆ ಒಂದೇ ಕ್ಲಾಕ್‌ನಲ್ಲಿ ಬಿಟ್ ಕೊನೆಗೆ ಹಾರಿತು. ಮೂರರ ಕೆಲಸ ಒಂದೇ ಫ್ಲಿಪ್‌ಫ್ಲಾಪ್‌ನದ್ದಾಯಿತು. ಅವತ್ತಿನಿಂದ ಕ್ಲಾಕ್ ಇರುವ ಬ್ಲಾಕ್‌ನಲ್ಲಿ ನಾನ್‌ಬ್ಲಾಕಿಂಗ್, ಕಾಂಬಿನೇಶನಲ್ (ಕ್ಲಾಕ್ ಇಲ್ಲದ) ಬ್ಲಾಕ್‌ನಲ್ಲಿ ಬ್ಲಾಕಿಂಗ್. ಇದನ್ನು ಒಮ್ಮೆಯೂ ಮೀರಿಲ್ಲ.

ನಮ್ಮ ಕಡೆ ಕೆಲಸ ಹುಡುಕುವುದಾದರೆ ವೆರಿಲಾಗ್, ಆಮೇಲೆ ಅದರ ಮುಂದುವರಿದ ರೂಪ ಸಿಸ್ಟಮ್‌ವೆರಿಲಾಗ್.

ಶಿವಮೊಗ್ಗದಿಂದ:
ನಾನೂ ನಿಮ್ಮ ಹಾಗೆ ಡಿಪ್ಲೊಮಾದವಳು. ಬೋರ್ಡ್ ಈಗ ಬೇಡ. ನಾನು ಏನೂ ಗೊತ್ತಿಲ್ಲದಾಗಲೇ ಬೇಸಿಸ್ 3 ತಗೊಂಡೆ. ಒಳ್ಳೆಯ ಬೋರ್ಡ್, 16 ಸ್ವಿಚ್, 16 ಎಲ್‌ಇಡಿ, 100 ಮೆಗಾಹರ್ಟ್ಸ್ ಕ್ಲಾಕ್, ಎಲ್ಲ ಇದೆ. ಆದರೆ ಆರು ತಿಂಗಳು ಬೀರುವಿನಲ್ಲೇ ಇತ್ತು. ಅದಕ್ಕೆ ಬೇಕಾದ ವಿವಾಡೊ ಸಾಫ್ಟ್‌ವೇರ್ ಹತ್ತಾರು ಜಿಬಿ ಡಿಸ್ಕ್ ತಿನ್ನುತ್ತದೆ, ನನ್ನ ಲ್ಯಾಪ್‌ಟಾಪ್‌ನಲ್ಲಿ ಜಾಗವೇ ಇರಲಿಲ್ಲ.

ಎರಡು ತಿಂಗಳು, ಕೋಡ್ ಓಡಿಸಿ ನೋಡುವ ಇಕಾರಸ್ ವೆರಿಲಾಗ್ ಮತ್ತು ಸಿಗ್ನಲ್‌ಗಳನ್ನು ಗೆರೆಗಳಾಗಿ ತೋರಿಸುವ ಜಿಟಿಕೆವೇವ್ ಸಾಕು. ಎರಡೂ ಉಚಿತ, ಚಿಕ್ಕವು, 8 ಜಿಬಿಯಲ್ಲಿ ಆರಾಮಾಗಿ ನಡೆಯುತ್ತವೆ. ಜೊತೆಗೆ ಎಚ್‌ಡಿಎಲ್‌ಬಿಟ್ಸ್ ವೆಬ್‌ಸೈಟ್‌ನಲ್ಲಿ ದಿನಕ್ಕೆ ಎರಡು ಲೆಕ್ಕ ಮಾಡಿ. ಬ್ರೌಸರ್‌ನಲ್ಲೇ ಬರೆಯಬಹುದು, ತಪ್ಪಿದ್ದರೆ ಅದೇ ತೋರಿಸುತ್ತದೆ. ಮತ್ತೆ, ಪ್ರತಿ ಮಾಡ್ಯೂಲ್‌ಗೂ (ಸರ್ಕ್ಯೂಟಿನ ಒಂದೊಂದು ಭಾಗ) ಅದನ್ನು ಪರೀಕ್ಷಿಸುವ ಕೋಡ್, ಅಂದರೆ ಟೆಸ್ಟ್‌ಬೆಂಚ್ ಬರೆಯಿರಿ. ನಾನು ದುಡ್ಡು ಕೊಟ್ಟು ಸೇರಿದ್ದ ಒಂದು ಕೋರ್ಸ್‌ನಲ್ಲಿ ಮೂರು ತಿಂಗಳು ಸುಮ್ನೆ ಸ್ಲೈಡ್ ತೋರಿಸಿದರು, ಒಂದೇ ಒಂದು ಟೆಸ್ಟ್‌ಬೆಂಚ್ ಬರೆಸಲಿಲ್ಲ. ನಿಮ್ಮ ಕೋರ್ಸ್ ಹಾಗಿದ್ದರೆ ಬೇರೆ ನೋಡಿ.

ಆಮೇಲೆ ಟ್ಯಾಂಗ್ ನ್ಯಾನೊ 9ಕೆ ತರದ ಚಿಕ್ಕ ಬೋರ್ಡ್ ತಗೊಳ್ಳಿ. 8,640 ಲುಕಪ್ ಟೇಬಲ್ (ಲಾಜಿಕ್ ಕಟ್ಟುವ ಚಿಕ್ಕ ತುಂಡುಗಳು) ಇವೆ, ಕಲಿಯಲು ಬೇಕಾದಷ್ಟು. ಕ್ಲಾಕ್ 27 ಮೆಗಾಹರ್ಟ್ಸ್, ಅಂದರೆ ಸೆಕೆಂಡಿಗೆ 2,70,00,000 ಬಡಿತ. ಅರ್ಧ ಸೆಕೆಂಡಿಗೊಮ್ಮೆ ಎಲ್‌ಇಡಿ ಬದಲಾಗಬೇಕಾದರೆ 1,35,00,000 ಎಣಿಸಬೇಕು. ಕೌಂಟರ್‌ಗೆ 23 ಬಿಟ್ ಸಾಲದು, 24 ಬೇಕು. ಈ ಲೆಕ್ಕ ನೀವೇ ಕೈಯಲ್ಲಿ ಮಾಡಿ ಎಲ್‌ಇಡಿ ಮಿನುಗಿಸಿದರೆ ಆ ಖುಷಿಯೇ ಬೇರೆ. ಮುಂದಿನದು ಯುಎಆರ್‌ಟಿ, ಒಂದೊಂದೇ ಬಿಟ್ ಕಳಿಸಿ ಲ್ಯಾಪ್‌ಟಾಪ್ ಜೊತೆ ಮಾತಾಡುವ ಸರ್ಕ್ಯೂಟ್. ಸೆಕೆಂಡಿಗೆ 1,15,200 ಬಿಟ್ ಕಳಿಸಲು 27 ಮೆಗಾಹರ್ಟ್ಸ್ ಅನ್ನು ಅದರಿಂದ ಭಾಗಿಸಿದರೆ 234 ಚಿಲ್ಲರೆ. ಅಷ್ಟು ಕ್ಲಾಕ್‌ಗೆ ಒಂದು ಬಿಟ್ ಕಳಿಸಿದರೆ ಲ್ಯಾಪ್‌ಟಾಪ್ ಪರದೆಯಲ್ಲಿ ಅಕ್ಷರ ಬರುತ್ತದೆ.

ಜರ್ಮನಿಯಿಂದ, ಮೂಲ ಉಡುಪಿ:
ಇಲ್ಲಿ ನಮ್ಮ ಆಫೀಸಿನಲ್ಲಿ ವಿಎಚ್‌ಡಿಎಲ್. ನಾನು ವೆರಿಲಾಗ್ ಕಲಿತು ಬಂದವನು, ಬದಲಾಯಿಸಲು ಒಂದು ತಿಂಗಳು ಸಾಕಾಯಿತು. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಬೋರ್ಡ್ ಬಂದ ಮೇಲೆ ಕಾಡುವುದು ಬಟನ್. ಒಮ್ಮೆ ಒತ್ತಿದರೆ ಕೌಂಟರ್ ಏಳೆಂಟು ಸಲ ಏರುತ್ತದೆ, ಯಾಕೆಂದರೆ ಒಳಗಿನ ಲೋಹ ಕೆಲವು ಮಿಲಿಸೆಕೆಂಡ್ ಪುಟಿಯುತ್ತದೆ. ಮೊದಲು ಎರಡು ಫ್ಲಿಪ್‌ಫ್ಲಾಪ್ ಸಾಲಾಗಿ ಇಟ್ಟು ಬಟನ್ ಸಿಗ್ನಲ್ಲನ್ನು ನಿಮ್ಮ ಕ್ಲಾಕ್‌ನ ತಾಳಕ್ಕೆ ತನ್ನಿ, ಆಮೇಲೆ 20 ಮಿಲಿಸೆಕೆಂಡ್ ಬದಲಾಗದೆ ನಿಂತರೆ ಮಾತ್ರ ಒಪ್ಪಿಕೊಳ್ಳಿ. 27 ಮೆಗಾಹರ್ಟ್ಸ್‌ನಲ್ಲಿ ಅದು 5,40,000 ಎಣಿಕೆ. ಇನ್ನೊಂದು, ಕಾಂಬಿನೇಶನಲ್ ಬ್ಲಾಕ್‌ನಲ್ಲಿ ಇಫ್ ಬರೆದು ಎಲ್ಸ್ ಬಿಟ್ಟರೆ ಹಳೆಯ ಬೆಲೆ ಹಿಡಿದಿಡಲು ಟೂಲ್ ತಾನಾಗೇ ಲ್ಯಾಚ್ ಅನ್ನುವ, ನಿಮಗೆ ಬೇಡದ ಮೆಮೊರಿ ಹಾಕುತ್ತದೆ. ವಾರ್ನಿಂಗ್‌ಗಳನ್ನು ಓದಿ, ಅಲ್ಲಿ ಬರೆದಿರುತ್ತದೆ.

ಹಾಸನದಿಂದ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಚಿತ್ರ ಬರೆದುಕೊಂಡು ನಿನ್ನೆ ರಾತ್ರಿ ನಾಲ್ಕು ಬಿಟ್ ಕೌಂಟರ್ ಓಡಿಸಿದೆ. ಜಿಟಿಕೆವೇವ್‌ನಲ್ಲಿ ಮೊದಲು ಕೆಂಪಗೆ ಎಕ್ಸ್ ಅಂತ ಬರುತ್ತದೆ, ಆಮೇಲೆ ಎಣಿಕೆ ಸರಿಯಾಗಿದೆ. ನನ್ನ ತಪ್ಪಾ ಅಣ್ಣಾ?

ಬೆಂಗಳೂರಿನಿಂದ:
ತಪ್ಪಲ್ಲ ತಂಗಿ. ರೀಸೆಟ್ ಕೊಡುವ ತನಕ ಫ್ಲಿಪ್‌ಫ್ಲಾಪ್‌ನಲ್ಲಿ ಏನಿದೆ ಅಂತ ಸಿಮ್ಯುಲೇಟರ್‌ಗೆ ಗೊತ್ತಿರುವುದಿಲ್ಲ, ಅದಕ್ಕೆ ಎಕ್ಸ್. ರೀಸೆಟ್ ಆದ ಮೇಲೂ ಕೆಂಪು ಉಳಿದರೆ ಆ ವೇವ್‌ಫಾರ್ಮ್ ಇಲ್ಲಿ ಹಾಕಿ, ಒಟ್ಟಿಗೆ ಕೂತು ನೋಡೋಣ.