ಸಹಾಯ ಬೇಕು: ಮಾಂಸಕ್ಕೆ ಹೊಗೆ ಕೊಡಲು ಯಾವ ಸ್ಮೋಕರ್ ತಗೊಳ್ಳಲಿ?

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಅಜ್ಜಿ ಇದ್ದಾಗ ಉಪ್ಪು, ಅರಿಶಿನ ಹಚ್ಚಿದ ಮಾಂಸದ ತುಂಡುಗಳನ್ನು ದಾರಕ್ಕೆ ಪೋಣಿಸಿ ಒಲೆ ಮೇಲೆ ಕಟ್ಟುತ್ತಿದ್ದರು. ಈಗ ಮನೇಲಿ ಗ್ಯಾಸ್, ಆ ಒಲೆಯೇ ಇಲ್ಲ. ಆ ಹೊಗೆಯ ರುಚಿ ನನ್ನ ಮಕ್ಕಳಿಗೂ ಸಿಗಬೇಕು ಅಂತ ಆಸೆ.

ಕರೆಂಟಿನ ಸ್ಮೋಕರ್ ಬೇಡ ಅನ್ಸುತ್ತೆ. ನಮ್ಮ ಮಳೆಗಾಲದಲ್ಲಿ ಕರೆಂಟು ಹೋದರೆ ಅರ್ಧ ಬೆಂದ ಮಾಂಸ ಏನು ಮಾಡೋದು? ಹೋದ ಭಾನುವಾರ ಗೆಳೆಯರ ಇದ್ದಿಲಿನ ಡ್ರಮ್ಮಿನಲ್ಲಿ ಎರಡು ಕೆಜಿ ಹಂದಿ ಭುಜದ ಮಾಂಸ ಇಟ್ಟೆವು. ಹಲಸಿನ ಕಟ್ಟಿಗೆ ಪೂರ್ತಿ ಒಣಗಿರಲಿಲ್ಲ. ದಟ್ಟ ಬಿಳಿ ಹೊಗೆ ಸುತ್ತಿಕೊಂಡು ಮೇಲೆಲ್ಲ ಕಪ್ಪು, ನಾಲಿಗೆಗೆ ಕಹಿ. ಕೊಯ್ದು ನೋಡಿದರೆ ಮೂಳೆ ಹತ್ತಿರ ಇನ್ನೂ ಹಸಿ. ಕೋಳಿ ಒಳಗೆ 74 ಡಿಗ್ರಿ ಮುಟ್ಟಬೇಕು, ಹಂದಿ ಭುಜ ಎಳೆಎಳೆಯಾಗಿ ಬಿಡೋದು 90 ದಾಟಿದ ಮೇಲೆ. ಹಾಗಾಗಿ ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್ ಮೊದಲು ತಗೋತೀನಿ.

ಡ್ರಮ್ ಒಳಗೆ 110ರಿಂದ 120 ಡಿಗ್ರಿ ಆರೇಳು ಗಂಟೆ ನಿಲ್ಲಿಸೋದು ಹೇಗೆ? ಕೆಳಗಿನ ಗಾಳಿಕಿಂಡಿ ಎಷ್ಟು ತೆರೆದಿಡ್ತೀರಿ? ಒಣ ಮಾವು, ಪೇರಲೆ ಎರಡೂ ತೋಟದಲ್ಲಿವೆ, ಯಾವುದು ಒಳ್ಳೇದು? ಶಿವಮೊಗ್ಗದಲ್ಲಿ ಯಾರಾದರೂ ಡ್ರಮ್ ಸ್ಮೋಕರ್ ವೆಲ್ಡಿಂಗ್ ಮಾಡಿಸಿದ್ದರೆ ಫೋಟೋ, ಖರ್ಚು ಹಾಕಿ. ಕೆಮಿಕಲ್ ತುಂಬಿದ್ದ ಹಳೇ ಡ್ರಮ್ ಮಾತ್ರ ನಾನು ಮುಟ್ಟಲ್ಲ.