ಸಹಾಯ ಬೇಕು: ಹಾಲು ಹಾಕುವವರ ಕೈಯಲ್ಲಿ ಆ್ಯಪ್ ಪರೀಕ್ಷೆ ಮಾಡಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾವು ಮೂವರು ಸೇರಿ ಡೈರಿಗೆ ಹಾಲು ಹಾಕುವವರಿಗಾಗಿ ಒಂದು ಆ್ಯಪ್ ಮಾಡುತ್ತಿದ್ದೇವೆ. ಬೆಳಿಗ್ಗೆ ಎಷ್ಟು ಲೀಟರ್ ಹಾಕಿದೆವು, ಫ್ಯಾಟ್ ಎಷ್ಟು ಬಂತು, ದುಡ್ಡು ಎಷ್ಟಾಯಿತು, ಇಷ್ಟೇ. ಆ್ಯಪ್ ಪರದೆಗಳನ್ನು ವಿನ್ಯಾಸ ಮಾಡುವ ಫಿಗ್ಮಾದಲ್ಲಿ ಮಾದರಿ ಸಿದ್ಧವಾಗಿದೆ.

ದೂರದಿಂದಲೇ ಪರೀಕ್ಷೆ ಮಾಡಿಸೋಣ ಅಂತ ಒಂದು ಪ್ಲಾಟ್‌ಫಾರ್ಮ್‌ಗೆ ದುಡ್ಡು ಕಟ್ಟಿದೆವು. ಸಿಕ್ಕವರೆಲ್ಲ ಪೇಟೆಯವರು, ಇಂಗ್ಲಿಷ್ ಚೆನ್ನಾಗಿ ಬಲ್ಲವರು, ಮನೆಯಲ್ಲಿ ಹಸು ಕಟ್ಟಿದವರು ಒಬ್ಬರೂ ಇಲ್ಲ. ಎಲ್ಲವನ್ನೂ ಪಟಪಟನೆ ಮುಗಿಸಿದರು. ಆಮೇಲೆ ಊರಲ್ಲಿ ಚಿಕ್ಕಮ್ಮನ ಕೈಗೆ ಫೋನ್ ಕೊಟ್ಟೆ. 'ಪಾವತಿ' ಅನ್ನೋ ಬಟನ್ ನೋಡಿ "ನಾನ್ಯಾಕಪ್ಪ ದುಡ್ಡು ಕಟ್ಟಬೇಕು?" ಅಂತ ಫೋನ್ ಕೆಳಗಿಟ್ಟರು. ಅದು ಅವರಿಗೆ ಬರಬೇಕಾದ ದುಡ್ಡು! 'ಬಟವಾಡೆ' ಅಂತ ಬರೆದಿದ್ದರೆ ತಕ್ಷಣ ತಿಳಿಯುತ್ತಿತ್ತು.

ಐದು ಜನ ಬಳಸಿ ನೋಡಿದರೆ ಬಹುಪಾಲು ತೊಂದರೆ ಗೊತ್ತಾಗುತ್ತದೆ ಅಂತ ಬಳಕೆ ಸುಲಭವಾಗಿದೆಯಾ ಅಂತ ಪರೀಕ್ಷಿಸುವುದರಲ್ಲಿ ಪರಿಣತರಾದ ಜೇಕಬ್ ನೀಲ್ಸನ್ 2000ರಲ್ಲೇ ಬರೆದಿದ್ದರು. ಆದರೆ ಆ ಐವರು ಸರಿಯಾದವರಾಗಿರಬೇಕು ಅಲ್ವಾ?

ಮೇಜ್, ಲುಕ್‌ಬ್ಯಾಕ್ ತರಹದ, ದೂರದಿಂದಲೇ ಪರೀಕ್ಷೆ ಮಾಡಿಸಿ ರೆಕಾರ್ಡ್ ಮಾಡುವ ಸಾಧನಗಳಲ್ಲಿ ಹಳ್ಳಿಯ ಜನರಿಗೆ ನೀವೇ ಲಿಂಕ್ ಕಳಿಸಿ ಮಾಡಿಸಿದ್ದೀರಾ? 2 ಜಿಬಿ ರ‍್ಯಾಮ್‌ನ ಹಳೇ ಫೋನಿನಲ್ಲಿ ರೆಕಾರ್ಡಿಂಗ್ ನಡುವೆ ನಿಲ್ಲದೆ ನಡೆಯುತ್ತಾ? ಇಲ್ಲ, ವಾಟ್ಸಾಪ್ ವಿಡಿಯೋ ಕಾಲ್‌ನಲ್ಲಿ ಸ್ಕ್ರೀನ್ ಶೇರ್ ಮಾಡಿಸಿ, ಮನಸ್ಸಿಗೆ ಬಂದದ್ದನ್ನು ಹೇಳುತ್ತಾ ಹೋಗಿ ಅಂತ ಸುಮ್ನೆ ಕೇಳುತ್ತಾ ಕೂರುವುದೇ ವಾಸಿಯಾ?

ಮಂಡ್ಯ, ಹಾಸನ, ಕೋಲಾರದ ಕಡೆ ಹಾಲು ಹಾಕುವ ಮನೆಯವರಿದ್ದರೆ ದಯವಿಟ್ಟು ಅರ್ಧ ಗಂಟೆ ಕೊಡಿ. ಒಬ್ಬರಿಗೆ 300 ರೂಪಾಯಿ ಕೊಡುತ್ತೇವೆ. ಸಂಜೆ ಹಾಲು ಹಾಕಿ ಬಂದ ಮೇಲೆಯೇ ಫೋನ್ ಮಾಡುತ್ತೇವೆ.